ಲಿಪ್ಪೆ ಜಿಲ್ಲೆ ಲಾಂಛನದಲ್ಲಿರೋ ಕೆಂಪು ಗುಲಾಬಿ ಎಲ್ಲಿಂದ ಬಂತು, ಏನದರ ಅರ್ಥ?

ಮಂಡ್ಯದ_ಸೊಸೆ:
ಎಲ್ರಿಗೂ ನಮಸ್ಕಾರ. ನಾವು ಜರ್ಮನಿಯ ಲಿಪ್ಪೆ ಜಿಲ್ಲೆಯ ಡೆಟ್‌ಮೋಲ್ಡ್‌ಗೆ ಬಂದು ಎಂಟು ತಿಂಗಳಾಯ್ತು, ಯಜಮಾನ್ರ ಕೆಲಸದ ಮೇಲೆ. ಮಗಳು ಇಲ್ಲಿ ಮೂರನೇ ಕ್ಲಾಸು. ಹೋದ ವಾರ ಸ್ಕೂಲಲ್ಲಿ ನಮ್ಮ ಜಿಲ್ಲೆ ವಾಪೆನ್ ಬರ್ಕೊಂಡ್ ಬನ್ನಿ ಅಂದಿದ್ರು, ವಾಪೆನ್ ಅಂದ್ರೆ ಇಲ್ಲಿ ಲಾಂಛನ. ಗುಲಾಬಿ ತಾನೆ ಅಂತ ಇವಳು ನಮ್ಮೂರ ಮನೆ ಮುಂದಿನ ಕುಂಡದಲ್ಲಿರೋ ತರ ಸುರುಳಿ ಸುರುಳಿ ದಳ, ಉದ್ದ ಕಾಂಡ, ಎರಡು ಎಲೆ, ಮುಳ್ಳು ಎಲ್ಲಾ ಹಾಕಿ ಪಿಂಕ್ ಬಣ್ಣ ಬಳ್ಕೊಂಡು ಹೋದ್ಲು. ಟೀಚರ್ ಚೆನ್ನಾಗಿದೆ ಅಂದಿದ್ದಾರೆ, ಆದ್ರೆ ಪಕ್ಕದಲ್ಲಿ ಪೆನ್ಸಿಲಲ್ಲಿ "ಲಿಪ್ಪೆ ಗುಲಾಬಿಗೆ ಐದೇ ದಳ, ಕಾಂಡ ಇಲ್ಲ, ಇನ್ನೊಂದ್ಸಲ ನೋಡು" ಅಂತ ಬರ್ದು ಕಳಿಸಿದ್ದಾರೆ.

ಅವತ್ತಿಂದ ಎಲ್ಲಿ ನೋಡಿದ್ರೂ ಅದೇ ಹೂವು ಕಣ್ಣಿಗೆ ಬೀಳ್ತಿದೆ. ಪಕ್ಕದ ಮನೆ ಅಜ್ಜಿ ಕೇಳಿದ್ರೆ ಅದು ಕ್ರೈಸ್ತ ಧರ್ಮ ಸುಧಾರಕ ಲೂಥರ್‌ನ ಗುಲಾಬಿ ಅಂತಾರೆ, ಯಜಮಾನ್ರ ಆಫೀಸಲ್ಲಿ ಒಬ್ರು ಲಿಪ್ಪೆ ನದಿ ದಡದಲ್ಲಿ ಬೆಳೀತಿದ್ದ ಹೂವು ಅಂತಾರೆ, ಇನ್ನೊಬ್ರು ಇಂಗ್ಲೆಂಡ್ ರಾಜಮನೆತನದ್ದು ಅಂತಾರೆ. ಮಗಳಿಗೆ ಏನ್ ಹೇಳ್ಲಿ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ನಾಣ್ಯಪೆಟ್ಟಿಗೆ:
ಅಕ್ಕ, ನಾನು ಪಕ್ಕದ ಬೀಲೆಫೆಲ್ಡಲ್ಲಿ 14 ವರ್ಷದಿಂದ ಇದೀನಿ, ಹಳೇ ನಾಣ್ಯ ಮುದ್ರೆ ಇವುಗಳ ಹುಚ್ಚು ನನಗೆ, ಹಂಗಾಗಿ ಈ ಗುಲಾಬಿ ಹಿಂದೆ ಬಿದ್ದು ತುಂಬಾ ದಿನ ಆಯ್ತು. ನೀವು ಕೇಳಿದ್ದು ನೋಡಿ ಖುಷಿಯಾಯ್ತು, ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದಲು ಆ ಮೂರೂ ಉತ್ತರ ಪಕ್ಕಕ್ಕಿಡಿ. ಲೂಥರ್ ಹುಟ್ಟಿದ್ದು 1483ರಲ್ಲಿ. ಲಿಪ್ಪೆ ಗುಲಾಬಿ 13ನೇ ಶತಮಾನದ ಮುದ್ರೆಗಳಲ್ಲೇ ಇದೆ, ಅಂದ್ರೆ ಲೂಥರ್‌ಗಿಂತ ಇನ್ನೂರು ವರ್ಷಕ್ಕೂ ಹಿಂದಿನದು. ಅದೂ ಅಲ್ದೆ ಲೂಥರ್ ಗುಲಾಬಿ ಬಿಳಿ, ಅದರ ನಡುವೆ ಹೃದಯ, ಹೃದಯದೊಳಗೆ ಕಪ್ಪು ಶಿಲುಬೆ. ಇದರಲ್ಲಿ ಅದ್ಯಾವುದೂ ಇಲ್ಲ. ಇಂಗ್ಲೆಂಡಿನ ಕೆಂಪು ಗುಲಾಬಿ ಬಿಳಿ ಗುಲಾಬಿ ಮನೆತನಗಳದ್ದು ಬೇರೆ ಕಥೆ, ನೋಡೋಕೆ ಒಂದೇ ತರ ಕಂಡ್ರೂ ನೆಂಟಸ್ತನ ಇಲ್ಲ. ಆಗಿನ ಕಾಲಕ್ಕೆ ಯುರೋಪಿನ ತುಂಬ ಎಷ್ಟೋ ಮನೆತನಗಳು ಗುಲಾಬಿ ಇಟ್ಕೊಂಡಿದ್ವು.

ಇನ್ನು ನದಿ ವಿಷಯ. ಲಿಪ್ಪೆ ನದಿ ಈಗಿನ ಲಿಪ್ಪೆ ಜಿಲ್ಲೇಲಿ ಹರಿಯೋದೇ ಇಲ್ಲ! ಅದು ಹುಟ್ಟೋದು ಪಕ್ಕದ ಪಾಡರ್‌ಬೋರ್ನ್ ಜಿಲ್ಲೆಯ ಬಾಡ್ ಲಿಪ್‌ಷ್ಪ್ರಿಂಗೆ ಊರಲ್ಲಿ, ಅಲ್ಲಿಂದ ಪಶ್ಚಿಮಕ್ಕೆ ಹೋಗಿ ರೈನ್ ಸೇರತ್ತೆ. ನಿಮ್ಮ ಕಡೆ ಹರಿಯೋದು ವೆರ್ರೆ, ಬೇಗಾ, ಎಮ್ಮರ್.

ಕಡಲತಡಿ:
ಹೌದಾ ಮಾರಾಯ್ರೆ? ನಾನು ಲೆಮ್ಗೊದಲ್ಲಿ ಎರಡು ವರ್ಷದಿಂದ ಓದ್ತಾ ಇದ್ದೇನೆ, ಈ ಬೇಗಾ ಹೊಳೆ ಬದಿಯಲ್ಲೇ ದಿನಾ ಸೈಕಲ್‌ನಲ್ಲಿ ಹೋಗುವುದು, ಲಿಪ್ಪೆ ನದಿ ಎಲ್ಲೋ ಆಚೆ ಬದಿ ಉಂಟು ಅಂತ ನಂಬಿಕೊಂಡಿದ್ದೆ. ಹಾಗಾದ್ರೆ ನದಿ ಇಲ್ಲದ ಊರಿಗೆ ನದಿ ಹೆಸರು ಹೇಗೆ ಬಂತು?

ನಾಣ್ಯಪೆಟ್ಟಿಗೆ:
ಹೆಸರು ನೆಲದ್ದಲ್ಲ, ಮನೆತನದ್ದು. ಲಿಪ್ಪೆ ನದಿ ದಡದಲ್ಲಿದ್ದ ಪಾಳೇಗಾರರು ಅಂತ ಇಟ್ಕೊಳ್ಳಿ, ಅವರನ್ನ "ಲಿಪ್ಪೆಯ ಒಡೆಯರು" ಅಂತ ಕರೀತಿದ್ರು. ಅವರಲ್ಲಿ ದೊಡ್ಡ ಹೆಸರು ಎರಡನೇ ಬೆರ್ನ್‌ಹಾರ್ಡ್. ಹೈನ್ರಿಷ್ ಅಂತ ಒಬ್ಬ ದೊಡ್ಡ ದೊರೆ, ಸಿಂಹ ಅಂತಾನೇ ಬಿರುದು, ಅವನ ಕಡೆ ನಿಂತು ಯುದ್ಧ ಮಾಡಿದ. 1180ರಲ್ಲಿ ಹೈನ್ರಿಷ್ ಬಿದ್ದ, ಜೊತೆಗೆ ಇವನೂ ಪೆಟ್ಟು ತಿಂದ. ಆಮೇಲೆ ಚಕ್ರವರ್ತಿ ಬಾರ್ಬರೋಸಾ ಜೊತೆ ರಾಜಿ ಆಗಿ 1185ರಲ್ಲಿ ಲಿಪ್ಪೆ ದಡದಲ್ಲಿ ಒಂದು ಊರು ಕಟ್ಟಿದ, ಅದೇ ಲಿಪ್‌ಷ್ಟಾಟ್. ಕೆಲವೇ ವರ್ಷದಲ್ಲಿ ಪೂರ್ವದ ಕಡೆ ಬೆಟ್ಟ ದಾಟಿ ಇನ್ನೊಂದು ಊರು ಕಟ್ಟಿಸಿದ, ಅದು ನೀವು ಓದ್ತಿರೋ ಲೆಮ್ಗೊ. ವಯಸ್ಸಾದ್ಮೇಲೆ ಎಲ್ಲಾ ಮಗನ ಕೈಗೆ ಕೊಟ್ಟು ಸನ್ಯಾಸಿ ಆದ, ಅಲ್ಲಿಗೂ ಸುಮ್ನಿರ್ಲಿಲ್ಲ, ಬಾಲ್ಟಿಕ್ ಕಡೆ ಹೋಗಿ ಬಿಷಪ್ ಆಗಿ 1224ರಲ್ಲಿ ಅಲ್ಲೇ ತೀರ್ಕೊಂಡ. ಮುಂದೆ ಈ ಮನೆತನದ ಆಸ್ತಿ ಪೂರ್ವಕ್ಕೇ ಬೆಳೀತಾ ಹೋಯ್ತು, ಕೊನೆಗೆ ಡೆಟ್‌ಮೋಲ್ಡ್ ರಾಜಧಾನಿ ಆಯ್ತು, ಲಿಪ್‌ಷ್ಟಾಟಲ್ಲಿದ್ದ ಪಾಲನ್ನೂ 19ನೇ ಶತಮಾನದ ಮಧ್ಯದಲ್ಲಿ ಪಕ್ಕದ ದೊಡ್ಡ ರಾಜ್ಯ ಪ್ರಷ್ಯಾಗೆ ಬಿಟ್ಕೊಟ್ರು. ಹಿಂಗೆ ನದಿ ಆ ಕಡೆ ಉಳೀತು, ಹೆಸರು ಈ ಕಡೆ ಬಂತು, ಹೆಸರಿನ ಜೊತೆ ಗುಲಾಬೀನೂ ಬಂತು. ಇವತ್ತಿಗೂ ಲಿಪ್‌ಷ್ಟಾಟ್ ಊರಿನ ಲಾಂಛನದಲ್ಲಿ ಗುಲಾಬಿ ಇದೆ, ಲೆಮ್ಗೊ ಊರಿನದ್ರಲ್ಲೂ ಇದೆ. ಎರಡೂ ಬೇರೆ ಬೇರೆ ಜಿಲ್ಲೆ ಈಗ, ಹೂವು ಮಾತ್ರ ಒಂದೇ.

ಧಾರವಾಡ_ಪೇಢೆ:
ನಾಣ್ಯಪೆಟ್ಟಿಗೆ ಸರ್, ಇತಿಹಾಸ ಎಲ್ಲಾ ಛಲೋ ಹೇಳಿದ್ರಿ ಆದ್ರ ಅಕ್ಕಾರು ಕೇಳಿದ ಪ್ರಶ್ನೆ ಹಂಗ ಉಳೀತಲ್ರೀ. ಗುಲಾಬಿನ ಯಾಕ? ಹುಲಿ, ಹದ್ದು, ಸಿಂಹ ಬಿಟ್ಟು ಯುದ್ಧ ಮಾಡೋ ಮಂದಿ ಹೂ ಯಾಕ ಇಟ್ಕೊಂಡ್ರು?

ನಾಣ್ಯಪೆಟ್ಟಿಗೆ:
ಮೊದಲು ಆ ಮುದ್ರೆ ಒತ್ತಿದವರು ಯಾಕೆ ಅಂತ ಒಂದು ಸಾಲೂ ಬರ್ದಿಡ್ಲಿಲ್ಲ ಸರ್. ಮಾತೆ ಮೇರಿಯ ಹೂವು ಅಂತ ಕೆಲವರು ಹೇಳ್ತಾರೆ, ಆಗಿನ ಕ್ರೈಸ್ತ ಪದ್ಯಗಳಲ್ಲಿ ಮೇರೀನ ಗುಲಾಬಿಗೆ ಹೋಲಿಸೋದು ಸಾಮಾನ್ಯ ಇತ್ತು ನಿಜ, ಆದ್ರೆ ಅದು ಲಿಪ್ಪೆಯವರ ಮನಸಲ್ಲಿತ್ತು ಅನ್ನೋದಕ್ಕೆ ದಾಖಲೆ ಆಗಲ್ಲ. ಲಾಂಛನಗಳ ವಿಷಯದಲ್ಲಿ ನನಗೆ ತುಂಬಾ ಬೇಸರ ತರೋ ಸಂಗತಿ ಇದೇ, ಕೆಂಪು ಅಂದ್ರೆ ಶೌರ್ಯ, ಬಿಳಿ ಅಂದ್ರೆ ಶುದ್ಧಿ, ಐದು ದಳ ಅಂದ್ರೆ ಐದು ಗುಣ ಅಂತ ಆಮೇಲಿನವರು ಕೂತು ಪಟ್ಟಿ ಮಾಡಿಬಿಡ್ತಾರೆ, ಓದೋಕೆ ಚೆಂದ ಇರತ್ತೆ ಅಂತ ಎಲ್ರೂ ನಂಬ್ತಾರೆ.

ಗುರಾಣಿ ಮೇಲಿನ ಗುರುತಿನ ಮೊದಲ ಕೆಲಸ ದೂರದಿಂದ ಕಾಣೋದು. ಮುಖದ ಮೇಲೆ ಕಬ್ಬಿಣದ ಟೋಪಿ ಇದ್ದಾಗ ನಮ್ಮವನಾ ಶತ್ರುನಾ ಅಂತ ಗೊತ್ತಾಗ್ಬೇಕು. ಅದಕ್ಕೆ ಬಣ್ಣದ ಕಟ್ಟುನಿಟ್ಟು ನಿಯಮ ಇದೆ: ಚಿನ್ನ ಬೆಳ್ಳಿ ಇವೆರಡು ಲೋಹ, ಕೆಂಪು ನೀಲಿ ಕಪ್ಪು ಹಸಿರು ಇವು ಬಣ್ಣ, ಲೋಹದ ಮೇಲೆ ಬಣ್ಣ ಬರ್ಬೇಕು ಇಲ್ಲಾ ಬಣ್ಣದ ಮೇಲೆ ಲೋಹ. ಬೆಳ್ಳಿ ಅಂದ್ರೆ ಬಿಡಿಸುವಾಗ ಬಿಳಿ, ಚಿನ್ನ ಅಂದ್ರೆ ಹಳದಿ. ಲಿಪ್ಪೆ ಲಾಂಛನ ಹೇಳ್ಬೇಕಂದ್ರೆ ಒಂದೇ ಉಸಿರಲ್ಲಿ ಮುಗಿಯತ್ತೆ: ಬೆಳ್ಳಿ ನೆಲದ ಮೇಲೆ ಐದು ದಳದ ಕೆಂಪು ಗುಲಾಬಿ, ನಡುವಿನ ಬೊಟ್ಟು ಚಿನ್ನ, ದಳಗಳ ಸಂದಿಯಿಂದ ಇಣುಕೋ ಪುಷ್ಪಪತ್ರಗಳು ಚಿನ್ನ. ಬಿಳಿ ಮೇಲೆ ಕೆಂಪು, ಮಂಜಲ್ಲೂ ಕಾಣತ್ತೆ. ಬೇರೆ ಜಿಲ್ಲೆಗಳ ಲಾಂಛನ ನೋಡಿ, ಒಂದರಲ್ಲಿ ನಾಲ್ಕು ಮನೆ ಮಾಡಿ ಒಂದಕ್ಕೆ ಸಿಂಹ, ಒಂದಕ್ಕೆ ಕೀಲಿಕೈ, ಒಂದಕ್ಕೆ ಗಾಲಿ ಅಂತ ತುಂಬಿಸಿರ್ತಾರೆ, ಯಾಕಂದ್ರೆ ಆ ಜಿಲ್ಲೆಗಳನ್ನ ಹಲವು ಒಡೆಯರ ತುಂಡು ಜೋಡಿಸಿ ಕಟ್ಟಿರೋದು, ಎಲ್ರನ್ನೂ ಸಮಾಧಾನ ಮಾಡ್ಬೇಕು. ಲಿಪ್ಪೆಗೆ ಆ ತಾಪತ್ರಯ ಇರ್ಲಿಲ್ಲ.

ಹಸಿರುಹಾಡಿ:
ನಾನು ಸಸ್ಯಶಾಸ್ತ್ರ ಪಾಠ ಮಾಡೋಳು, ಶಿವಮೊಗ್ಗ. ಒಂದು ಮಾತು ಸೇರಿಸ್ತೀನಿ. ಮಂಡ್ಯದವ್ರೇ, ನಿಮ್ಮ ಮಗಳು ಬರ್ದಿದ್ದು ತಪ್ಪಲ್ಲ, ಅವಳು ನೋಡಿರೋದು ನರ್ಸರಿ ಗುಲಾಬಿ, ಮನುಷ್ಯರು ನೂರಾರು ವರ್ಷ ತಳಿ ಬೆರೆಸಿ ದಳ ಹೆಚ್ಚು ಮಾಡಿರೋದು. ಕಾಡು ಗುಲಾಬಿಗೆ ಐದೇ ದಳ. ಯುರೋಪಿನ ಬೇಲಿಸಾಲಲ್ಲಿ ಬೆಳೆಯೋ ಗುಲಾಬಿ ಅದು, ಬಿಡಿಸಿದ ಅಂಗೈ ತರ ಚಪ್ಪಟೆ ಇರತ್ತೆ, ನಡುವೆ ಹಳದಿ ಕೇಸರ ಗುಂಪಾಗಿ ನಿಂತಿರತ್ತೆ, ಅದೇ ಈ ಲಾಂಛನದ ಚಿನ್ನದ ಬೊಟ್ಟು. ದಳ ದಳದ ಸಂದಿಯಿಂದ ಚೂಪಗೆ ಇಣುಕ್ತಾವಲ್ಲ, ಅವು ಮುಳ್ಳಲ್ಲ ಎಲೆಯೂ ಅಲ್ಲ, ಮೊಗ್ಗಿದ್ದಾಗ ಹೂವನ್ನ ಮುಚ್ಚಿಕೊಂಡಿದ್ದ ಪುಷ್ಪಪತ್ರ. ನಿಜವಾದ ಹೂವಲ್ಲೂ ಎರಡು ದಳದ ನಡುವಿನ ಜಾಗದಲ್ಲೇ ಒಂದೊಂದು ಪುಷ್ಪಪತ್ರ ಬರೋದು. ಅಂದ್ರೆ ಎಂಟು ನೂರು ವರ್ಷದ ಹಿಂದೆ ಮುದ್ರೆ ಕೆತ್ತಿದವನು ಹೂವನ್ನ ಕೈಯಲ್ಲಿ ಹಿಡ್ಕೊಂಡು ಸರಿಯಾಗಿ ನೋಡಿದ್ದಾನೆ. ನಿಜದಲ್ಲಿ ಅದು ಹಸಿರು, ಇಲ್ಲಿ ಚಿನ್ನ ಮಾಡಿದ್ದಾರೆ ಅಷ್ಟೇ. ಮಗಳಿಗೆ ಹೀಗೆ ಹೇಳಿಕೊಡಿ: ಮೊದಲು ನಡುವಿನ ಬೊಟ್ಟು, ಆಮೇಲೆ ಐದು ದಳ, ಕೊನೇಲಿ ಸಂದಿಗೊಂದು ಚೂಪು.

ಮಂಡ್ಯದ_ಸೊಸೆ:
ಅಯ್ಯೋ ಮೇಡಂ ಥ್ಯಾಂಕ್ಸ್, ನಾನು ಅವನ್ನ ಮುಳ್ಳು ಅಂತಾನೇ ಹೇಳ್ಕೊಟ್ಟಿದ್ದೆ. ಇವತ್ತು ಸಂಜೆ ತಿದ್ದಿಸ್ತೀನಿ.

ಧಾರವಾಡ_ಪೇಢೆ:
ನನಗ ಒಂದು ಮಾತು ಮನಸಿಗೆ ಒಪ್ಪವಲ್ದು, ಹೇಳೇ ಬಿಡ್ತೀನಿ. ಇದು ಒಬ್ಬ ಒಡೆಯನ ಮನಿ ಗುರುತು. ಅವರ ಹೊಲ, ಅವರ ಕೋಟೆ, ಅವರ ಸೀಲು. ಈಗ ಅದು ಪ್ರಜೆಗಳು ಆರಿಸಿದ ಜಿಲ್ಲಾ ಆಡಳಿತದ ಗುರುತು. ಇದು ಹೆಂಗ ಸರಿ? ನಾನು ಡಾರ್ಟ್‌ಮುಂಡ್‌ದಾಗ ಅದೀನಿ, ಇಲ್ಲಿ ಕಲ್ಲಿದ್ದಲು ಗಣಿ ಒಳಗ ಇಳಿದವರ ನೆನಪಿಗೆ ಎಷ್ಟೋ ಊರು ಸುತ್ತಿಗಿ ಇಟ್ಕೊಂಡಾವ. ಲಿಪ್ಪೆ ಮಂದಿ ಏನು ಬರೇ ಗುಲಾಬಿ ಮೂಸಿ ಬದುಕಿದ್ರೇನು?

ಕಡಲತಡಿ:
ಇಲ್ಲ ಸರ್, ಬಹಳ ಕಷ್ಟದಲ್ಲಿ ಬದುಕಿದವರು ಅವರು. ಇಲ್ಲಿ ಲಾಗೆ ಅಂತ ಒಂದು ಊರು, ಅಲ್ಲಿ ಹಳೆ ಇಟ್ಟಿಗೆ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ, ಕಾಲೇಜಿನಿಂದ ಹೋಗಿದ್ದೆವು. 19ನೇ ಶತಮಾನದಲ್ಲಿ ಲಿಪ್ಪೆಯ ಸಾವಿರಾರು ಗಂಡಸರು ವಸಂತ ಬಂದ ಕೂಡ್ಲೆ ಗುಂಪು ಕಟ್ಟಿಕೊಂಡು ಇಟ್ಟಿಗೆ ಮಾಡ್ಲಿಕ್ಕೆ ಹೊರಗೆ ಹೋಗ್ತಿದ್ದದ್ದು, ಹಾಲೆಂಡು, ಫ್ರೀಸ್‌ಲ್ಯಾಂಡು, ಮತ್ತೆ ನಿಮ್ಮ ಡಾರ್ಟ್‌ಮುಂಡ್ ಇರುವ ಆ ರೂರ್ ಕಡೆಗೂ. ಚಳಿಗಾಲಕ್ಕೆ ವಾಪಸ್. ಅಷ್ಟು ದಿನ ಹೊಲ ಹಟ್ಟಿ ಮಕ್ಕಳು ಎಲ್ಲ ಹೆಂಗಸರ ತಲೆ ಮೇಲೆ. ಅಲ್ಲಿ ಮಣ್ಣು ಒತ್ತುವ ಮರದ ಅಚ್ಚು ಒಂದು ಇಟ್ಟಿದ್ದಾರೆ, ಅದರ ಅಂಚು ಕೈ ತಾಗಿ ತಾಗಿ ಸವೆದು ನುಣ್ಣಗಾಗಿತ್ತು, ನಾನು ಸುಮಾರು ಹೊತ್ತು ಅದನ್ನೇ ನೋಡಿಕೊಂಡು ನಿಂತಿದ್ದೆ. ನಮ್ಮ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಅಜ್ಜ ಕೆಲಸ ಮಾಡಿದವರು, ಹಾಗಾಗಿ ನೆನಪಾಯಿತು. ಲಾಂಛನದಲ್ಲಿ ಒಂದು ಇಟ್ಟಿಗೆ ಇದ್ದಿದ್ದರೆ ನನಗೂ ಖುಷಿ ಆಗ್ತಿತ್ತು.

ನಾಣ್ಯಪೆಟ್ಟಿಗೆ:
ಪೇಢೆ ಸರ್ ಕೇಳಿದ್ದು ನ್ಯಾಯವಾದ ಪ್ರಶ್ನೆ, ನಾನೂ ಇದರ ಮೇಲೆ ತುಂಬಾ ತಲೆ ಕೆಡಿಸ್ಕೊಂಡಿದೀನಿ. ನನಗನ್ನಿಸೋದು ಹೇಳ್ತೀನಿ, ಈ ಗುಲಾಬಿಯ ಅರ್ಥ ಹುಡುಕೋರು 13ನೇ ಶತಮಾನದಲ್ಲಿ ಹುಡುಕ್ತಾರೆ, ಸಿಗಲ್ಲ. ಅರ್ಥ ಇರೋದು 1918ರಲ್ಲಿ ಮತ್ತು 1947ರಲ್ಲಿ.

1918ರ ನವೆಂಬರ್ 12ಕ್ಕೆ ಕೊನೇ ರಾಜ ನಾಲ್ಕನೇ ಲಿಯೋಪೋಲ್ಡ್ ಪಟ್ಟ ಬಿಟ್ಟ. ಲಿಪ್ಪೆ ಸ್ವತಂತ್ರ ಗಣರಾಜ್ಯ ಆಯ್ತು. ರಾಜ ಹೋದ, ಗುಲಾಬಿ ಹೋಗ್ಲಿಲ್ಲ. ರಾಜನ ದೊಡ್ಡ ಲಾಂಛನದಲ್ಲಿ ಕಿರೀಟ, ಬೇರೆ ಬೇರೆ ಜಮೀನಿನ ಗುರುತುಗಳು, ಷ್ವಾಲೆನ್‌ಬೆರ್ಗ್‌ನ ನಕ್ಷತ್ರದ ಮೇಲೆ ಕೂತ ಬಾನಾಡಿ ಹಕ್ಕಿ, ಹಿಂಗೆ ಏನೇನೋ ಇತ್ತು (ಆ ಹಕ್ಕಿಗೆ ಜರ್ಮನ್ನಲ್ಲಿ ಷ್ವಾಲ್ಬೆ ಅಂತಾರೆ, ಊರಿನ ಹೆಸರಿಗೆ ಪ್ರಾಸ ಕೂಡತ್ತೆ ಅಂತ ಇಟ್ಕೊಂಡಿರೋದು, ನನಗೆ ಬಲು ಇಷ್ಟ). ಅದೆಲ್ಲಾ ಕಳಚಿ ಬಿದ್ದು ಒಂಟಿ ಗುಲಾಬಿ ಜನರ ಗುರುತಾಗಿ ಉಳೀತು.

ಎರಡನೇ ಯುದ್ಧ ಮುಗಿದ್ಮೇಲೆ ಈ ಭಾಗ ಬ್ರಿಟಿಷರ ಕೈಲಿತ್ತು. ಇಷ್ಟು ಚಿಕ್ಕ ರಾಜ್ಯ ಒಂಟಿಯಾಗಿ ಉಳಿಯೋ ಹಂಗಿರ್ಲಿಲ್ಲ. ಪಶ್ಚಿಮಕ್ಕೆ ನೋರ್ಡ್‌ರೈನ್-ವೆಸ್ಟ್‌ಫಾಲೆನ್, ಉತ್ತರಕ್ಕೆ ನೀಡರ್‌ಸಾಕ್ಸನ್, ಎರಡರಲ್ಲಿ ಒಂದು ಸೇರ್ಬೇಕು. ಆಗ ಲಿಪ್ಪೆಯ ಮುಖ್ಯಸ್ಥ ಹೈನ್ರಿಷ್ ಡ್ರಾಕೆ. ಆತ ಎರಡೂ ಕಡೆ ಕೂತು ಮಾತಾಡಿ, ಯಾರು ಏನು ಕೊಡ್ತೀರಿ ಅಂತ ಚೌಕಾಸಿ ಮಾಡಿ, ಕೊನೆಗೆ ನೋರ್ಡ್‌ರೈನ್-ವೆಸ್ಟ್‌ಫಾಲೆನ್ ಕಡೆ ಒಪ್ಕೊಂಡ. 1947ರ ಜನವರಿ 21ಕ್ಕೆ ಸೇರ್ಪಡೆ ಆಯ್ತು. ಪ್ರತಿಫಲವಾಗಿ ವಿಭಾಗೀಯ ಸರ್ಕಾರಿ ಕಚೇರಿ ಮಿಂಡನ್‌ನಿಂದ ಡೆಟ್‌ಮೋಲ್ಡ್‌ಗೆ ಬಂತು, ಹಳೇ ರಾಜ್ಯದ ಕಾಡು, ಕೋಟೆ, ಆಸ್ತಿ ಎಲ್ಲಾ ರಾಜ್ಯದ ಬೊಕ್ಕಸಕ್ಕೆ ಹೋಗದಂಗೆ ಲಿಪ್ಪೆ ಜನಕ್ಕೇ ಅಂತ 1949ರಲ್ಲಿ ಒಂದು ಬೇರೆ ಸಂಸ್ಥೆ ಆಯ್ತು, ಎಕ್ಸ್‌ಟರ್ನ್‌ಷ್ಟೈನೆ ಬಂಡೆಗಳಿಗೆ ಹೋದ್ರೆ ಅಲ್ಲಿ ಅವರದ್ದೇ ಬೋರ್ಡು.

ಮತ್ತೆ ರಾಜ್ಯದ ಲಾಂಛನ ನೋಡಿ. ಡ್ಯುಸೆಲ್‌ಡಾರ್ಫಿನ ವೋಲ್ಫ್‌ಗಾಂಗ್ ಪಾಗೆನ್‌ಷ್ಟೆಕರ್ ಬಿಡಿಸಿದ್ದು, 1953ರ ಕಾನೂನಲ್ಲಿ ಪಕ್ಕಾ ಆಯ್ತು. ಹಸಿರು ನೆಲದಲ್ಲಿ ಬೆಳ್ಳಿ ಅಲೆ, ಅದು ರೈನ್ ನದಿ. ಕೆಂಪು ನೆಲದಲ್ಲಿ ನೆಗೆಯೋ ಬೆಳ್ಳಿ ಕುದುರೆ, ಅದು ವೆಸ್ಟ್‌ಫಾಲೆನ್. ಎರಡರ ಬುಡದಲ್ಲಿ ಬಿಳಿ ಮೂಲೇಲಿ ಒಂದು ಕೆಂಪು ಗುಲಾಬಿ. ಕೋಟಿಗಟ್ಟಲೆ ಜನ ಇರೋ ರಾಜ್ಯದ ಲಾಂಛನದಲ್ಲಿ ಮೂರೂವರೆ ಲಕ್ಷ ಜನರ ಒಂದು ಜಿಲ್ಲೆಯ ಹೂವಿಗೆ ಮೂರನೇ ಜಾಗ. ಅದನ್ನ ಒಡೆಯನ ಗುರುತು ಅಂತ ನನಗೆ ಅನ್ಸಲ್ಲ. ನಮ್ಮನ್ನ ಸೇರಿಸ್ಕೊಂಡ್ರೂ ಅಳಿಸ್ಬೇಡಿ ಅಂತ ಕೇಳಿ ಪಡ್ಕೊಂಡ ಗುರುತು ಅದು.

ಧಾರವಾಡ_ಪೇಢೆ:
ಇದು ಗೊತ್ತಿರಲಿಲ್ಲ ನೋಡ್ರಿ. ಒಪ್ಕೊಂಡೆ, ಅರ್ಧ. ಉಳಿದ ಅರ್ಧಕ್ಕ ಒಂದು ಮಾತು. ಗುಲಾಬಿ ಅಂತ ಬರೇ ಹೆಮ್ಮಿ ಹೇಳಬ್ಯಾಡ್ರಿ. 1933ರ ಜನವರಿ 15ಕ್ಕ ಇದೇ ಪುಟ್ಟ ಲಿಪ್ಪೆಯೊಳಗ ಎಲೆಕ್ಷನ್ ಆತು. ಹಿಟ್ಲರ್ ಪಾರ್ಟಿ ಹಿಂದಿನ ಎಲೆಕ್ಷನ್‌ದಾಗ ಮತ ಕಳಕೊಂಡಿತ್ತು, ಹಿಂಗಾಗಿ ಇದ್ದಬದ್ದ ಶಕ್ತಿ ಎಲ್ಲಾ ತಂದು ಇಲ್ಲಿ ಸುರುವಿತು, ಹಿಟ್ಲರನ ಸ್ವತಃ ಊರೂರು ತಿರುಗಿ ಭಾಷಣ ಮಾಡಿದ. 39.5 ಪರ್ಸೆಂಟ್ ಮತ ಬಿತ್ತು. ಅದನ್ನ ಹಿಡಕೊಂಡು ನೋಡ್ರಿ ಗಾಳಿ ನಮ್ಮ ಕಡೆ ಐತಿ ಅಂತ ದೇಶ ತುಂಬ ಡಂಗುರ ಸಾರಿದ್ರು, ಎರಡು ವಾರಕ್ಕ, ಜನವರಿ 30ಕ್ಕ ಆತ ಚಾನ್ಸಲರ್. ಆ ಹುಡುಗಿಗೆ ಈಗ ಬ್ಯಾಡ, ದೊಡ್ಡಾಕಿ ಆದಮ್ಯಾಲೆ ಇದನ್ನೂ ಹೇಳ್ರಿ ಅಕ್ಕಾರ.

ನಾಣ್ಯಪೆಟ್ಟಿಗೆ:
ಸರಿಯಾಗೇ ಹೇಳಿದ್ರಿ, ಇದನ್ನ ಬಿಟ್ಟು ಲಿಪ್ಪೆ ಕಥೆ ಹೇಳಿದ್ರೆ ಸುಳ್ಳಾಗತ್ತೆ. ಡ್ರಾಕೇನ ಆ ವರ್ಷಾನೇ ಅಧಿಕಾರದಿಂದ ತೆಗೆದ್ರು, ಯುದ್ಧ ಮುಗಿದ್ಮೇಲೆ ಬ್ರಿಟಿಷರು ಮತ್ತೆ ಕರ್ಕೊಂಡು ಬಂದ್ರು. ಅದನ್ನ ನೆನಪಿಟ್ಕೊಂಡು 1947ರ ಒಪ್ಪಂದ ನೋಡಿದ್ರೆ ಅದರ ತೂಕ ಇನ್ನೂ ಜಾಸ್ತಿ.

ಹಸಿರುಹಾಡಿ:
ಒಳ್ಳೇದನ್ನೂ ಒಂದು ಸೇರಿಸಿ. ಪೌಲಿನೆ ಅಂತ ಒಬ್ಬಳು ರಾಣಿ ಇದ್ದಳಲ್ಲ ಅಲ್ಲಿ, ಮಗ ಚಿಕ್ಕವನು ಅಂತ 1802ರಿಂದ 1820ರ ತನಕ ಆಡಳಿತ ನಡೆಸಿದವಳು. ಕೆಲಸಕ್ಕೆ ಹೋಗೋ ಬಡ ತಾಯಂದಿರ ಮಕ್ಕಳನ್ನ ನೋಡ್ಕೊಳ್ಳೋಕೆ 1802ರಲ್ಲೇ ಡೆಟ್‌ಮೋಲ್ಡ್‌ನಲ್ಲಿ ಶಿಶುಪಾಲನಾ ಮನೆ ತೆರೆದಳು, ಜೀತಪದ್ಧತಿ ತೆಗೆದಳು. ನಮ್ಮ ಶಿಕ್ಷಕರ ತರಬೇತೀಲಿ ಶಿಶುವಿಹಾರದ ಇತಿಹಾಸ ಪಾಠ ಮಾಡುವಾಗ ಅವಳ ಹೆಸರು ಬಂದಿತ್ತು, ಅದೇ ಊರು ಅಂತ ಈಗ ತಾಳೆ ಆಯ್ತು.

ಕಡಲತಡಿ:
ನನಗೊಂದು ಸಂಶಯ. ಈಗಿನ ಲಿಪ್ಪೆ ಜಿಲ್ಲೆ ಮತ್ತೆ ಹಳೆ ಲಿಪ್ಪೆ ರಾಜ್ಯ ಎರಡೂ ಒಂದೇ ಗಡಿಯಾ?

ನಾಣ್ಯಪೆಟ್ಟಿಗೆ:
ಹತ್ರ ಹತ್ರ ಒಂದೇ. ಮಧ್ಯದಲ್ಲಿ ಡೆಟ್‌ಮೋಲ್ಡ್, ಲೆಮ್ಗೊ ಅಂತ ಎರಡು ಜಿಲ್ಲೆ ಇತ್ತು, 1973ರ ಜನವರಿ 1ಕ್ಕೆ ಎರಡನ್ನೂ ಕೂಡಿಸಿ ಲಿಪ್ಪೆ ಮಾಡಿದ್ರು, ಹಳೇ ರಾಜ್ಯದ ಗುಲಾಬೀನೇ ಜಿಲ್ಲೆ ಲಾಂಛನ ಆಯ್ತು. ಲಿಪ್‌ಷ್ಟಾಟ್ ಪಕ್ಕ ಇದ್ದ ಒಂದೆರಡು ತುಂಡು ಕೈ ಬಿಟ್ಟು ಹೋದ್ವು. ಒಳಗೆ ಬಂದಿದ್ದು ಲ್ಯೂಗ್ಡೆ ಊರು, ಅದು ಲಿಪ್ಪೆ ಒಡೆಯರದ್ದೇ ಅಲ್ಲ, ಪಾಡರ್‌ಬೋರ್ನ್ ಬಿಷಪ್ಪರದ್ದು, ಕ್ಯಾಥೊಲಿಕ್ ಊರು. ಈಸ್ಟರ್ ಭಾನುವಾರ ರಾತ್ರಿ ಓಕ್ ಮರದ ದೊಡ್ಡ ದೊಡ್ಡ ಗಾಲಿಗೆ ಹುಲ್ಲು ತುರುಕಿ ಬೆಂಕಿ ಹಚ್ಚಿ ಬೆಟ್ಟದಿಂದ ಉರುಳಿಸ್ತಾರಲ್ಲ, ಅದೇ ಊರು. ಅವರ ಜಿಲ್ಲೆ ಲಾಂಛನಾನೂ ಈಗ ಗುಲಾಬಿ. ಪೇಢೆ ಸರ್ ವಾದಕ್ಕೆ ಬಲ ಬರೋದು ನಿಜ ಹೇಳ್ಬೇಕಂದ್ರೆ ಲ್ಯೂಗ್ಡೆ ವಿಷಯದಲ್ಲಿ.

ಇನ್ನೊಂದು, ಇದನ್ನ ಕನ್ನಡದೋರಿಗೆ ಹೇಳ್ದೆ ಇರೋಕಾಗಲ್ಲ: ಹಳೇ ಲಿಪ್ಪೆ ನಾಡಿನ ಬಣ್ಣ ಯಾವುದು ಗೊತ್ತಾ? ಹಳದಿ ಕೆಂಪು. ಮೊದಲ ಸಲ ಡೆಟ್‌ಮೋಲ್ಡ್ ಪೇಟೇಲಿ ಹಳದಿ ಕೆಂಪು ಬಟ್ಟೆ ಹಾರ್ತಿರೋದು ನೋಡಿ ನವೆಂಬರ್ ಅಲ್ವಲ್ಲ ಅಂತ ನಿಂತುಬಿಟ್ಟಿದ್ದೆ. ನಮ್ಮ ಬಾವುಟಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದ್ರೂ ಎದೆ ತುಂಬಿತು.

ಮಂಡ್ಯದ_ಸೊಸೆ:
ಎಲ್ಲಾ ಓದಿದೆ, ಎರಡೆರಡು ಸಲ. ನಿನ್ನೆ ಸಂಜೆ ಮಗಳನ್ನ ಕೂರಿಸ್ಕೊಂಡು ಹೇಳ್ದೆ, ಡ್ರಾಕೆ ಕಥೆ ಅವಳಿಗೆ ಹಿಡಿಸ್ತು, "ಹಂಗಾದ್ರೆ ಗುಲಾಬಿ ಎರಡು ಕಡೆ ಇದ್ಯಾ" ಅಂದ್ಲು. ನಮ್ಮ ಕಾರಿನ ನಂಬರ್ ಪ್ಲೇಟಲ್ಲಿ ಎಲ್‌ಐಪಿ ಅಂತ ಅಕ್ಷರದ ಪಕ್ಕ ಒಂದು ದುಂಡನೆ ಸ್ಟಿಕ್ಕರ್ ಇದೆ, ಅದರಲ್ಲಿ ರಾಜ್ಯದ ಲಾಂಛನ ಇರತ್ತೆ ಅಂತ ಯಜಮಾನ್ರು ಹೇಳಿದ್ರು. ಟಾರ್ಚ್ ಹಿಡ್ಕೊಂಡು ಮೂರು ಜನಾನೂ ಕೆಳಗೆ ಹೋದ್ವಿ. ಕೆಸರು ಅಂಟಿತ್ತು, ಇವಳು ಸ್ವೆಟರ್ ತೋಳಲ್ಲೇ ಒರೆಸಿದ್ಲು. ಅಲೆ ಕಾಣ್ತು, ಕುದುರೆ ಕಾಣ್ತು, ಕೆಳಗಡೆ ಸಾಸಿವೆ ಕಾಳಷ್ಟು ಕೆಂಪು ಚುಕ್ಕೆ. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದ್ಮೇಲೆ ದಳ ಎಣಿಸಿದ್ಲು, ಐದು ಇತ್ತು.

ಹೊಸ ಚಿತ್ರ ಇವತ್ತು ಬೆಳಗ್ಗೆ ತಗೊಂಡು ಹೋದ್ಲು. ನಡುವಿನ ಬೊಟ್ಟಿಗೆ ಅರಿಶಿನ ಹಚ್ಚಿದ್ದಾಳೆ, ಹಳದಿ ಕ್ರೇಯಾನ್ ಮುಗ್ದೋಗಿತ್ತು.

ಹಸಿರುಹಾಡಿ:
ಸಂದಿಯ ಚೂಪುಗಳು?

ಮಂಡ್ಯದ_ಸೊಸೆ:
ಐದೂ ಇದಾವೆ ಮೇಡಂ. ಅವಕ್ಕೂ ಅರಿಶಿನವೇ.